ವಿನಾಯಿತಿ ಎಂಬ ಕೈಗಡ



ಶುಂಠಿಗೆ ಕೊಳೆ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಗಿಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಸಾಕು. ಗಟ್ಟಿ ಗಿಡ ಜಗ್ಗುವುದಿಲ್ಲ. ಕೊಳೆ ಹತ್ತಿದ ಗಿಡ ಬುಡದಲ್ಲಿ ಕಳಚಿಕೊಂಡು ಸಲೀಸಾಗಿ ಕೈಗೆ ಬರುತ್ತದೆ. ತುದಿ ನೀರಾಡಿ ಕಂದುಗಟ್ಟಿರುತ್ತದೆ, ವಾಸನೆಗೆ ಮುಖ ತಿರುಗಿಸಬೇಕು. ಅರಕಲಗೂಡು ಕಡೆಯ ನಮ್ಮ ಎರಡು ಎಕರೆಯಲ್ಲಿ ಒಂದು ಆಗಸ್ಟ್ ತಿಂಗಳು, ಮಳೆ ಹೊಳವಾದ ದಿನ, ನಾನೂ ನಮ್ಮಣ್ಣನೂ ಮಡಿಯಿಂದ ಮಡಿಗೆ ಹೀಗೆ ಎಳೆದು ನೋಡುತ್ತಾ ಹೋದೆವು. ಅರ್ಧ ಹೊಲ ಮುಗಿಯುವಷ್ಟರಲ್ಲಿ ಅಣ್ಣ ಎಳೆಯುವುದನ್ನು ಬಿಟ್ಟು ಬದುವಿನ ಮೇಲೆ ಕೂತುಬಿಟ್ಟ. ಬಿತ್ತನೆ ಗೆಡ್ಡೆಗೆ, ಕೊಟ್ಟಿಗೆ ಗೊಬ್ಬರಕ್ಕೆ, ಹುಲ್ಲು ಹೊದಿಕೆಗೆ ಹಾಕಿದ ದುಡ್ಡೆಲ್ಲ ಆ ವಾಸನೆಯಲ್ಲಿ ಹೋಗಿತ್ತು. ಮಾರನೆಯ ವರ್ಷ ಎಲ್ಲ ಶುಂಠಿ ಬೆಳೆಗಾರರೂ ಮಾಡುವುದನ್ನೇ ನಾವೂ ಮಾಡಿದೆವು: ಶುಂಠಿ ಕಾಣದ ಬೇರೆ ನೆಲವನ್ನು ಗುತ್ತಿಗೆಗೆ ಹಿಡಿದೆವು. ಹಾಸನ, ಕೊಡಗು, ಮೈಸೂರು, ಶಿವಮೊಗ್ಗ ಜಿಲ್ಲೆಗಳಲ್ಲಿ ಊರಿಂದ ಊರಿಗೆ ಶುಂಠಿ ಹೀಗೆ ವಲಸೆ ಹೋಗುತ್ತಲೇ ಇರುತ್ತದೆ. ಕೇರಳದಿಂದ ಬಂದು ನೆಲ ಹಿಡಿಯುವವರು ಹುಡುಕುವುದೂ ಹೊಸ ಮಣ್ಣನ್ನೇ.

ಸಸ್ಯರೋಗ ಶಾಸ್ತ್ರವನ್ನು ಬಹಳ ವರ್ಷ ಪಾಠ ಮಾಡಿದವನು ನಾನು. ಇವತ್ತಿನ ವಿಷಯ ಮೀಥೈಲ್ ಬ್ರೋಮೈಡ್ ಎಂಬ ಅನಿಲ, ಅದಕ್ಕೆ ಕೊಟ್ಟ ವಿನಾಯಿತಿಗಳು. ಓಝೋನ್ ಪದರ, ಒಪ್ಪಂದ, ನ್ಯಾಯಾಲಯ ಎಲ್ಲ ಈ ಕಥೆಯಲ್ಲಿ ಬರುತ್ತವೆ. ಆದರೆ ಕಥೆ ಹುಟ್ಟುವುದು ಇಂಥದೇ ಒಂದು ಹೊಲದಲ್ಲಿ, ಬದುವಿನ ಮೇಲೆ ಹೀಗೆ ಕೂತ ಒಬ್ಬ ಮನುಷ್ಯನಿಂದ. ಅವನನ್ನು ಖಳನಾಯಕ ಮಾಡಿ ಹೇಳಿದ ಕಥೆಗಳನ್ನು ನಾನು ಓದಿದ್ದೇನೆ, ಒಪ್ಪಿಲ್ಲ.

ಕ್ಯಾಲಿಫೋರ್ನಿಯಾದ ಕರಾವಳಿಗೆ ಹೋಗೋಣ. ವಾಟ್ಸನ್‌ವಿಲ್, ಸಲಿನಾಸ್, ಆಕ್ಸ್‌ನಾರ್ಡ್: ಅಮೆರಿಕದ ಸ್ಟ್ರಾಬೆರಿಯಲ್ಲಿ ಬಹುಪಾಲು ಬೆಳೆಯುವುದು ಈ ಮಂಜು ಮುಸುಕುವ ತೀರದಲ್ಲಿ. ಅಲ್ಲಿಯ ಬೆಳೆಗಾರನಿಗೂ ನಮ್ಮ ಶುಂಠಿಯವನ ಕಷ್ಟವೇ ಇತ್ತು. ವರ್ಟಿಸಿಲಿಯಂ ಎಂಬ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂತು, ಬೇರಿನಿಂದ ಒಳಹೊಕ್ಕು, ಗಿಡವನ್ನು ಸೊರಗಿಸುತ್ತಿತ್ತು. ಅವನೂ ನೆಲ ಬದಲಿಸುತ್ತಿದ್ದ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟೀಫನ್ ವಿಲ್‌ಹೆಲ್ಮ್ ಮತ್ತು ಅವರ ಜೊತೆಯವರು ಇದಕ್ಕೆ ಔಷಧ ಹುಡುಕುತ್ತಿದ್ದರು. ಕ್ಲೋರೋಪಿಕ್ರಿನ್ ಮತ್ತು ಮೀಥೈಲ್ ಬ್ರೋಮೈಡ್ ಬಿಡಿಬಿಡಿಯಾಗಿ ಮಾಡದ ಕೆಲಸವನ್ನು ಎರಡೂ ಬೆರೆತಾಗ ಮಾಡುತ್ತವೆ ಎಂಬುದು ಅಲ್ಲಿ ಕಂಡುಬಂತು. 1960ರ ದಶಕದಿಂದ ಅದೇ ರೂಢಿಯಾಯಿತು.

ಆ ಕೆಲಸ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೀಥೈಲ್ ಬ್ರೋಮೈಡ್ ಸುಮಾರು 3.6 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಸಿಲಿಂಡರಿನ ಒತ್ತಡದಲ್ಲಿ ದ್ರವವಾಗಿರುವುದು ಹೊರಬಿದ್ದ ಕೂಡಲೇ ಅನಿಲವಾಗುತ್ತದೆ. ಬಣ್ಣವಿಲ್ಲ. ವಾಸನೆ ಇಲ್ಲವೆಂದೇ ಹೇಳಬೇಕು. ಅದಕ್ಕೇ ಕಣ್ಣು ಉರಿಸುವ ಕ್ಲೋರೋಪಿಕ್ರಿನ್ನನ್ನು ಸ್ವಲ್ಪವಾದರೂ ಬೆರೆಸಿರುತ್ತಾರೆ, ಸೋರಿದರೆ ಮನುಷ್ಯನಿಗೆ ಗೊತ್ತಾಗಲಿ ಎಂದು. ಟ್ರ್ಯಾಕ್ಟರಿನ ಹಿಂದಿನ ಉಕ್ಕಿನ ಹಲ್ಲುಗಳು ಮಣ್ಣನ್ನು ಸೀಳುತ್ತಾ ಹೋಗುತ್ತವೆ, ಅವುಗಳ ಬೆನ್ನಿಗಂಟಿದ ಕೊಳವೆಗಳಿಂದ ಅನಿಲ ಆಳಕ್ಕೆ ಇಳಿಯುತ್ತದೆ. ಅದರ ಹಿಂದೆಯೇ ಪ್ಲಾಸ್ಟಿಕ್ ಹಾಳೆಯ ಸುರುಳಿ ಬಿಚ್ಚಿಕೊಳ್ಳುತ್ತಾ ನೆಲವನ್ನು ಮುಚ್ಚುತ್ತದೆ. ಎಕರೆಗೆ ನೂರು ಕಿಲೋ ಆಸುಪಾಸು. ಕೆಲವು ದಿನಗಳಲ್ಲಿ ಶಿಲೀಂಧ್ರ, ಜಂತುಹುಳು, ಗೊಣ್ಣೆಹುಳು, ಕಳೆಬೀಜ ಎಲ್ಲ ಸತ್ತಿರುತ್ತವೆ. ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ. ಹಾಗೆ ಖಾಲಿಯಾದ ಮಣ್ಣಿಗೆ ಸಸಿ ನೆಡುತ್ತಿದ್ದರು.

ನಮ್ಮವನು ರೋಗದಿಂದ ತಪ್ಪಿಸಿಕೊಳ್ಳಲು ನೆಲವನ್ನು ಬಿಟ್ಟು ಹೋದ. ಅಲ್ಲಿಯವನು ಅದೇ ನೆಲದಲ್ಲಿ ನಿಂತು, ನೆಲದ ಜೀವವನ್ನೇ ತೆಗೆದ. ಹಾಗೆ ಮಾಡಿದ್ದರಿಂದ ವರ್ಷದ ಮೇಲೆ ವರ್ಷ, ಒಂದೇ ಜಾಗದಲ್ಲಿ, ಒಂದೇ ಬೆಳೆ ತೆಗೆಯುವುದು ಸಾಧ್ಯವಾಯಿತು. ಸಮುದ್ರತೀರದ ದುಬಾರಿ ಜಮೀನಿನ ಬಾಡಿಗೆ, ಕೂಲಿ, ಮಾರುಕಟ್ಟೆಯ ದರ ಎಲ್ಲವೂ ಆ ಅನಿಲ ಸದಾ ಸಿಗುತ್ತದೆ ಎಂಬ ಲೆಕ್ಕದ ಮೇಲೆ ನಿಂತವು. ಮುಂದೆ ಬಂದ ಹಟವನ್ನು ಅರ್ಥಮಾಡಿಕೊಳ್ಳಬೇಕಾದರೆ ಈ ಮಾತನ್ನು ನೆನಪಿಡಬೇಕು.

ಓಝೋನ್ ವಿಚಾರ ನಿಮಗೆ ಗೊತ್ತೇ ಇದೆ, ಬೇಗ ದಾಟುತ್ತೇನೆ. ಮಣ್ಣಿಗೆ ಇಳಿಸಿದ ಅನಿಲದಲ್ಲಿ ದೊಡ್ಡ ಪಾಲು ಪ್ಲಾಸ್ಟಿಕ್ ಹಾಳೆಯನ್ನೂ ದಾಟಿ ಗಾಳಿಗೆ ಸೇರುತ್ತದೆ. ಅದರಲ್ಲಿ ಕೊಂಚ ವಾಯುಮಂಡಲದ ಮೇಲಿನ ಸ್ತರಕ್ಕೆ ಏರುತ್ತದೆ. ಅಲ್ಲಿ ಒಂದು ಬ್ರೋಮಿನ್ ಪರಮಾಣು ಓಝೋನಿಗೆ ಮಾಡುವ ಹಾನಿ ಒಂದು ಕ್ಲೋರಿನ್ ಪರಮಾಣು ಮಾಡುವುದರ ಸುಮಾರು 60 ಪಟ್ಟು. ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೆಳುವಾಗಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದ್ದು 1985ರಲ್ಲಿ. ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1987ರ ಸೆಪ್ಟೆಂಬರ್ 16ರಂದು. ಆ ಮೊದಲ ಪಟ್ಟಿಯಲ್ಲಿ ಮೀಥೈಲ್ ಬ್ರೋಮೈಡ್ ಇರಲಿಲ್ಲ. 1992ರಲ್ಲಿ ಕೋಪನ್‌ಹೇಗನ್ ಸಭೆಯಲ್ಲಿ ಸೇರಿತು. 1997ರಲ್ಲಿ ಗಡುವು ಗಟ್ಟಿಯಾಯಿತು: ಮುಂದುವರಿದ ದೇಶಗಳು 1991ರ ಬಳಕೆಯನ್ನು ಮೂಲವಾಗಿಟ್ಟುಕೊಂಡು 1999ಕ್ಕೆ ಕಾಲುಭಾಗ, 2001ಕ್ಕೆ ಅರ್ಧ, 2003ಕ್ಕೆ ಶೇ. 70 ಇಳಿಸಿ 2005ಕ್ಕೆ ಪೂರ್ತಿ ನಿಲ್ಲಿಸಬೇಕು. ಅಭಿವೃದ್ಧಿಶೀಲ ದೇಶಗಳಿಗೆ 2015ರ ತನಕ ಅವಕಾಶ. ಈ ಅನಿಲ ವಾತಾವರಣದಲ್ಲಿ ಬಾಳುವುದು ಒಂದು ವರ್ಷಕ್ಕೂ ಕಡಿಮೆ. ಹಾಗಾಗಿ ಇವತ್ತು ನಲ್ಲಿ ಕಟ್ಟಿದರೆ ಅದರ ಫಲವನ್ನು ನಮ್ಮ ಕಣ್ಣೆದುರೇ ಕಾಣಬಹುದು. ಓಝೋನ್ ತಿನ್ನುವ ಬೇರೆ ಎಷ್ಟೋ ವಸ್ತುಗಳ ಬಗ್ಗೆ ಹೀಗೆ ಹೇಳಲಾಗದು.

ಗಡುವು ಹಾಕಿದ ಆ 1997ರ ಸಭೆಯೇ ಒಂದು ಕಿಂಡಿಯನ್ನೂ ಇಟ್ಟಿತು. ಅದರ ಹೆಸರು ನಿರ್ಣಾಯಕ ಬಳಕೆಯ ವಿನಾಯಿತಿ. ಇದನ್ನು ಬೈಯುವವರೇ ಹೆಚ್ಚು. ಆದರೆ ಬರೆದ ಮಾತನ್ನು ಓದಿದರೆ ಎಷ್ಟು ಎಚ್ಚರದಿಂದ ಬರೆದಿದ್ದಾರೆ ಎಂದು ನನಗೆ ಗೌರವ ಮೂಡುತ್ತದೆ. ಅನಿಲ ಸಿಗದಿದ್ದರೆ ಮಾರುಕಟ್ಟೆ ನಿಜವಾಗಿಯೂ ಅಸ್ತವ್ಯಸ್ತವಾಗುತ್ತದೆ ಎಂದು ತೋರಿಸಬೇಕು. ಆ ಬೆಳೆಗೆ, ಆ ಜಾಗಕ್ಕೆ ಹೊಂದುವ, ಬೆಳೆಗಾರನ ಕೈಗೆಟುಕುವ, ಆರೋಗ್ಯಕ್ಕೂ ಪರಿಸರಕ್ಕೂ ಒಪ್ಪುವ ಪರ್ಯಾಯ ಇಲ್ಲವೆಂದು ತೋರಿಸಬೇಕು. ಬಳಕೆಯನ್ನೂ ಸೋರಿಕೆಯನ್ನೂ ಆದಷ್ಟು ತಗ್ಗಿಸಿರಬೇಕು. ಹಳೆಯ ದಾಸ್ತಾನು ಸಾಲದು ಎಂದಾಗ ಮಾತ್ರ ಹೊಸದಾಗಿ ತಯಾರಿಸಬೇಕು. ಪರ್ಯಾಯದ ಹುಡುಕಾಟ ನಡೆಯುತ್ತಿದೆ ಎಂಬುದಕ್ಕೂ ಪುರಾವೆ ಕೊಡಬೇಕು. ದೇಶಗಳು ಸಲ್ಲಿಸಿದ ಅರ್ಜಿಯನ್ನು ತಜ್ಞರ ಸಮಿತಿ ಬೆಳೆ ಬೆಳೆಯಾಗಿ, ಟನ್ನು ಟನ್ನಾಗಿ ಪರಿಶೀಲಿಸುತ್ತದೆ.

ನಮ್ಮ ಕಡೆ ಕೈಗಡ ಎಂಬುದೊಂದು ಇದೆ. ಬಡ್ಡಿಯಿಲ್ಲ, ಪತ್ರವಿಲ್ಲ, ಆದರೆ ಕೊಡುವವನು ಎರಡು ಪ್ರಶ್ನೆ ಕೇಳಿಯೇ ಕೊಡುತ್ತಾನೆ: ಯಾತಕ್ಕೆ ಬೇಕು, ಯಾವಾಗ ಕೊಡುತ್ತೀ? ವಿನಾಯಿತಿ ಎಂದರೆ ನನ್ನ ಮಟ್ಟಿಗೆ ಕಾನೂನು ಕೊಡುವ ಕೈಗಡ. ಈ ಎರಡು ಪ್ರಶ್ನೆಗಳನ್ನು ಕೇಳಿ ಕೊಟ್ಟ ವಿನಾಯಿತಿ ಏನಾಯಿತು, ಕೇಳದೆ ಕೊಟ್ಟದ್ದು ಏನಾಯಿತು ಎಂಬುದೇ ಈ ಉಪನ್ಯಾಸದ ವಸ್ತು.

ಮೊದಲ ವರ್ಷಗಳು ನೋಡಲು ಹಿತವಾಗಿರಲಿಲ್ಲ. ಅಮೆರಿಕದ 1991ರ ಮೂಲಮಟ್ಟ ಸುಮಾರು 25,500 ಟನ್. 2003ರಲ್ಲಿ ಆ ದೇಶ ಅದರ ಶೇ. 30ಕ್ಕೆ ಇಳಿಯಬೇಕಿತ್ತು. 2005ಕ್ಕೆ, ಅಂದರೆ ಸೊನ್ನೆಯಾಗಬೇಕಿದ್ದ ವರ್ಷಕ್ಕೆ, ಅದು ಕೇಳಿದ್ದು ಅದಕ್ಕಿಂತ ಹೆಚ್ಚು. 2003ರ ನವೆಂಬರಿನಲ್ಲಿ ನೈರೋಬಿಯಲ್ಲಿ ದೇಶಗಳ ನಡುವೆ ಒಮ್ಮತ ಆಗಲಿಲ್ಲ. 2004ರ ಮಾರ್ಚಿನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದದ ಚರಿತ್ರೆಯಲ್ಲೇ ಮೊದಲನೆಯ ವಿಶೇಷ ಸಭೆ ಕರೆಯಬೇಕಾಯಿತು. ಅಲ್ಲಿ ಆದ ರಾಜಿ ಹೀಗಿತ್ತು: ಅಮೆರಿಕದ ಹೊಸ ತಯಾರಿಕೆ ಮೂಲಮಟ್ಟದ ಶೇ. 30 ಮೀರಬಾರದು, ಅದಕ್ಕೂ ಮೇಲೆ ಬೇಕಾದದ್ದನ್ನು ದಾಸ್ತಾನಿನಿಂದ ತೆಗೆದುಕೊಳ್ಳಬೇಕು. ಆಮೇಲೆ ಸೇರಿದ ಇನ್ನಷ್ಟು ಅರ್ಜಿಗಳೂ ಕೂಡಿ 2005ರ ಮೊತ್ತ ಸುಮಾರು 9,500 ಟನ್ನಿಗೆ, ಅಂದರೆ ಶೇ. 37ಕ್ಕೆ ಮುಟ್ಟಿತು.

ಸ್ಟ್ರಾಬೆರಿ ಮತ್ತು ಟೊಮೆಟೊ ಬೆಳೆಗಾರರ ವಾದದಲ್ಲಿ ತಿರುಳಿರಲಿಲ್ಲ ಎನ್ನಲಾರೆ. ಪಕ್ಕದ ಮೆಕ್ಸಿಕೋಗೆ 2015ರ ತನಕ ಸಮಯವಿತ್ತು. ಅಲ್ಲಿ ಇದೇ ಅನಿಲ ಹಾಕಿ ಬೆಳೆದ ಹಣ್ಣು ಇಲ್ಲಿಯ ಅಂಗಡಿಗೇ ಬರುತ್ತದೆ. ನಾವು ನಿಲ್ಲಿಸಿದರೆ ಓಝೋನಿಗೆ ಲಾಭವಿಲ್ಲ, ನಮಗೆ ನಷ್ಟ ಮಾತ್ರ ಎಂದರು. ಆದರೆ ದಾಸ್ತಾನಿನ ವಿಷಯದಲ್ಲಿ ನನ್ನ ಮನಸ್ಸು ಅವರ ಕಡೆ ಇಲ್ಲ. ಖಾಸಗಿಯವರ ಬಳಿ ಸಾವಿರಾರು ಟನ್ ಸಂಗ್ರಹ ಇದ್ದಾಗಲೇ ಹೊಸ ತಯಾರಿಕೆಗೆ ಅನುಮತಿ ಸಿಗುತ್ತಿತ್ತು. ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ ಎಂಬ ಪರಿಸರ ಸಂಸ್ಥೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮೇಲೆ ದಾವೆ ಹೂಡಿತು. ದಾಸ್ತಾನನ್ನು ಮೊದಲು ಬಳಸಿ ಎಂದು ಮಾಂಟ್ರಿಯಲ್ ಸಭೆ ನಿರ್ಣಯಿಸಿದೆಯಲ್ಲ, ಅದನ್ನು ಪಾಲಿಸಿ ಎಂಬುದು ವಾದ. 2006ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು: ಒಪ್ಪಂದವನ್ನು ಅಮೆರಿಕ ಅಂಗೀಕರಿಸಿದ ಮೇಲೆ ಸದಸ್ಯ ದೇಶಗಳು ಸಭೆಗಳಲ್ಲಿ ಮಾಡಿಕೊಳ್ಳುವ ನಿರ್ಣಯಗಳನ್ನು ಅಲ್ಲಿಯ ನ್ಯಾಯಾಲಯಗಳು ಕಾನೂನೆಂದು ಜಾರಿ ಮಾಡಲು ಬರುವುದಿಲ್ಲ. ಕೊಟ್ಟ ಮಾತಿಗೆ ರಾಜಕೀಯ ತೂಕವಿದೆ, ಕಾನೂನಿನ ತೂಕವಿಲ್ಲ ಎಂದಾಯಿತು. ಈ ತೀರ್ಪನ್ನು ಓದಿದ ದಿನ ನನಗೆ ತುಂಬಾ ಬೇಸರವಾಗಿತ್ತು. ಇನ್ನು ಈ ಕೈಗಡ ವಾಪಸಾಗುವುದಿಲ್ಲ ಎಂದೇ ತರಗತಿಯಲ್ಲಿ ಹೇಳಿಬಿಟ್ಟಿದ್ದೆ.

ನನ್ನ ಮಾತು ಸುಳ್ಳಾಯಿತು. ವರ್ಷದಿಂದ ವರ್ಷಕ್ಕೆ ಅಂಕಿ ಇಳಿಯಿತು. 2010ಕ್ಕೆ ಸುಮಾರು 3,200 ಟನ್, 2012ಕ್ಕೆ ಸಾವಿರ ಚಿಲ್ಲರೆ, 2016ಕ್ಕೆ 235. ಆ 235ರಲ್ಲೂ ಮೂರು ಟನ್ ಒಣಗಿಸಿಟ್ಟ ಹಂದಿ ಮಾಂಸಕ್ಕೆ ಹತ್ತುವ ನುಸಿಗೆ, ಮಿಕ್ಕದ್ದೆಲ್ಲ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿಗೆ. ಆಮೇಲೆ ಅಮೆರಿಕ ಆ ಹೊಲಗಳಿಗೆ ಕೇಳಲಿಲ್ಲ. ನ್ಯಾಯಾಲಯ ಕಟ್ಟಲಾಗದ ನಲ್ಲಿಯನ್ನು ಕಟ್ಟಿದ್ದು ಮತ್ತೆ ಮತ್ತೆ ಅರ್ಜಿ ಹಾಕಬೇಕೆಂಬ ನಿಯಮ ಎಂದು ನಾನು ತಿಳಿದಿದ್ದೇನೆ. ಪ್ರತಿ ಸಲ ಲೆಕ್ಕ ಒಪ್ಪಿಸಬೇಕು, ಹೋದ ಸಲಕ್ಕಿಂತ ಯಾಕೆ ಕಡಿಮೆಯಾಗಲಿಲ್ಲ ಎಂದು ಹತ್ತಾರು ದೇಶಗಳ ಮುಂದೆ ಹೇಳಬೇಕು. ಹಾಗೆ ಹೇಳಿ ಹೇಳಿ ಕೊನೆಗೆ ಹೇಳಲು ಏನೂ ಉಳಿಯಲಿಲ್ಲ.

ಹಾಗೆಂದು ಎಲ್ಲ ಕಡೆ ಸುಲಭವಾಗಿರಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಟೂಲಾಂಗಿ ಎಂಬ ಎತ್ತರದ ತಂಪು ಜಾಗದಲ್ಲಿ ಸ್ಟ್ರಾಬೆರಿಯ ಸಸಿಬಳ್ಳಿ ಬೆಳೆಸುತ್ತಾರೆ. ತಾಯಿ ಮಡಿಯಲ್ಲೇ ರೋಗವಿದ್ದರೆ ಅದು ಸಸಿ ಹೋದಲ್ಲೆಲ್ಲ ಹೋಗುತ್ತದೆ. ಅವರು ವರ್ಷಕ್ಕೆ ಮೂವತ್ತು ಟನ್ನಿನೊಳಗಿನ ಪ್ರಮಾಣವನ್ನು ಬಹಳ ವರ್ಷ ಕೇಳುತ್ತಲೇ ಬಂದರು. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಸಿ ಬೆಳೆಗಾರರದು ಇನ್ನೊಂದು ಬಗೆಯ ಸಂಕಟ. ಅಲ್ಲಿ ಕುಡಿಯುವುದು ಅಂತರ್ಜಲವನ್ನೇ, ಪರ್ಯಾಯವಾದ ಕ್ಲೋರೋಪಿಕ್ರಿನ್ ಆ ನೀರಿಗೆ ಇಳಿದರೆ ಗತಿಯೇನೆಂದು ಪ್ರಾಂತದ ಸರ್ಕಾರ ಒಪ್ಪಲಿಲ್ಲ. ಆಕಾಶ ಉಳಿಸಲು ಹೋದರೆ ಬಾವಿ ಕೆಡುತ್ತದೆ. ಇಂಥ ಕಡೆ ಐದು ಟನ್ ವಿನಾಯಿತಿಯನ್ನು ನಾನು ಕೂಡ ಕೊಡುತ್ತಿದ್ದೆ.

ಪರ್ಯಾಯ ಎಂಬ ಪದವನ್ನು ಹಗುರವಾಗಿ ಬಳಸುವ ನಮ್ಮಂಥವರು ಕಲಿಯಬೇಕಾದ್ದು ಇಲ್ಲಿ ಬಹಳ ಇದೆ. ಮೀಥೈಲ್ ಬ್ರೋಮೈಡಿನ ಜಾಗಕ್ಕೆ ಮೀಥೈಲ್ ಅಯೋಡೈಡ್ ಬಂತು. ಓಝೋನಿಗೆ ವಾಸಿ, ಹೊಲದಲ್ಲಿ ದುಡಿಯುವವರಿಗೆ ಭಯಂಕರ ವಿಷ. ಅಮೆರಿಕದ ಕೇಂದ್ರ ಸರ್ಕಾರ 2007ರಲ್ಲಿ, ಕ್ಯಾಲಿಫೋರ್ನಿಯಾ 2010ರ ಕೊನೆಗೆ ಒಪ್ಪಿಗೆ ಕೊಟ್ಟವು. ವಿಜ್ಞಾನಿಗಳೂ ಕೃಷಿ ಕಾರ್ಮಿಕರೂ ಎದುರು ನಿಂತರು. 2012ರಲ್ಲಿ ತಯಾರಕರೇ ಅದನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಈ ನಡುವೆ, ಅನಿಲದ ಬಿಗಿ ಸಡಿಲವಾದ ಹೊಲಗಳಲ್ಲಿ ಎರಡು ರೋಗಗಳು ತಲೆಯೆತ್ತಿದವು. ಒಂದು ಫ್ಯುಸೇರಿಯಂ ಸೊರಗು. ಇನ್ನೊಂದಕ್ಕೆ ಕಾರಣ ಮ್ಯಾಕ್ರೋಫೋಮಿನಾ ಫೇಸಿಯೋಲಿನಾ. ಈ ಹೆಸರು ವಿಜಯಪುರ, ಧಾರವಾಡದ ಕಡೆ ಕೆಲಸ ಮಾಡಿದ ಕೃಷಿ ವಿಜ್ಞಾನಿಗಳಿಗೆ ಹೊಸದಲ್ಲ. ಹಿಂಗಾರಿ ಜೋಳ ತೆನೆ ಕಟ್ಟುವಾಗ ಹಸಿ ಆರಿದರೆ ದಂಟನ್ನು ಒಳಗಿಂದೊಳಗೇ ಕರಿ ಪುಡಿ ಮಾಡಿ ಕೆಡಹುವ ಶಿಲೀಂಧ್ರ ಇದೇ.

ಉತ್ತರಗಳು ಒಂದೊಂದಾಗಿ, ನಿಧಾನವಾಗಿ ಬಂದವು. ಜಪಾನ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಒಂದು ವಿಧಾನವನ್ನು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನ ಕ್ಯಾರಲ್ ಶೆನನ್, ಜೋಜಿ ಮುರಾಮೊಟೊ ಮೊದಲಾದವರು ಸ್ಟ್ರಾಬೆರಿಗೆ ಹೊಂದಿಸಿದರು. ಮಣ್ಣಿಗೆ ಅಕ್ಕಿ ತೌಡು ಬೆರೆಸಿ, ಪ್ಲಾಸ್ಟಿಕ್ ಹೊದಿಸಿ, ನೀರು ತುಂಬಿಸಿ ಮೂರು ವಾರ ಬಿಡುವುದು. ತೌಡು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ಮಣ್ಣಿನ ಗಾಳಿಯನ್ನೆಲ್ಲ ಮುಗಿಸುತ್ತವೆ, ಉಸಿರುಗಟ್ಟಿದ ಆ ಮಣ್ಣಿನಲ್ಲಿ ರೋಗದ ಶಿಲೀಂಧ್ರ ಸಾಯುತ್ತದೆ. ಇಸ್ರೇಲಿನ ಯಾಕೋವ್ ಕಟಾನ್ 1976ರಲ್ಲಿ ತೋರಿಸಿಕೊಟ್ಟದ್ದು ಇನ್ನೂ ಸರಳ: ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಹಾಳೆ, ಅದರ ಮೇಲೆ ಬೇಸಿಗೆಯ ಬಿಸಿಲು. ನಮ್ಮಲ್ಲೂ ಸಸಿಮಡಿಗೆ ಇದನ್ನು ಮಾಡುವವರಿದ್ದಾರೆ. ಬ್ರೆಜಿಲ್‌ನ ತಂಬಾಕು ಬೆಳೆಗಾರರು ನೆಲದ ಮಡಿಯನ್ನೇ ಬಿಟ್ಟು ನೀರಿನ ಮೇಲೆ ತೇಲುವ ಟ್ರೇಗಳಲ್ಲಿ ಸಸಿ ಎಬ್ಬಿಸಿದರು. ಮಣ್ಣೇ ಇಲ್ಲವೆಂದ ಮೇಲೆ ಮಣ್ಣಿನ ರೋಗವೆಲ್ಲಿ! ಚೀನಾ 2015ರ ನಂತರವೂ ಕೆಲವು ವರ್ಷ ವಿನಾಯಿತಿ ಕೇಳಿದ್ದು ಯಾವುದಕ್ಕೆ ಗೊತ್ತೇ? ಶುಂಠಿಗೆ. ಆ ವರದಿಯನ್ನು ಓದುವಾಗ ನನಗೆ ಕಂಡದ್ದು ಬದುವಿನ ಮೇಲೆ ಕೂತ ನಮ್ಮಣ್ಣ.

ಇಲ್ಲಿಯ ತನಕ ಹೇಳಿದ್ದು ಪ್ರಶ್ನೆ ಕೇಳಿ ಕೊಟ್ಟ ಕೈಗಡದ ಕಥೆ. ಈಗ ಇನ್ನೊಂದು.

ಒಪ್ಪಂದ ಮೀಥೈಲ್ ಬ್ರೋಮೈಡನ್ನು ಪಟ್ಟಿಗೆ ಸೇರಿಸಿದಾಗ ಒಂದು ಬಳಕೆಯನ್ನು ಪೂರ್ತಿ ಹೊರಗಿಟ್ಟಿತು: ದೇಶದಿಂದ ದೇಶಕ್ಕೆ ಹೋಗುವ ಧಾನ್ಯ, ದಿಮ್ಮಿ, ಮರದ ಪೆಟ್ಟಿಗೆಗಳಲ್ಲಿ ಕೀಟ ಸಾಗಿಹೋಗದಂತೆ ಮಾಡುವ ಕ್ವಾರಂಟೈನ್ ಮತ್ತು ಸಾಗಣೆಪೂರ್ವ ಫ್ಯೂಮಿಗೇಷನ್. ಇದಕ್ಕೆ ಗಡುವಿಲ್ಲ, ಮಿತಿಯಿಲ್ಲ, ಪರ್ಯಾಯ ಇಲ್ಲವೆಂದು ಸಾಬೀತು ಮಾಡಬೇಕಾಗಿಲ್ಲ. ಎಷ್ಟು ಬಳಸಿದೆವೆಂಬ ಒಂದು ಅಂಕಿ ಕಳಿಸಿದರೆ ಆಯಿತು. 2010ರ ಸುಮಾರಿಗೆ ಈ ಬಳಕೆ ಹೊಲಗಳ ನಿಯಂತ್ರಿತ ಬಳಕೆಯನ್ನು ಮೀರಿತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10,000 ಟನ್ ಈಗಲೂ ಈ ಬಾಗಿಲಿನಿಂದ ಹೋಗುತ್ತದೆ. ಸ್ಟ್ರಾಬೆರಿಯ 232 ಟನ್ನಿಗೆ ನಾವು ವರ್ಷಗಟ್ಟಲೆ ಹೋರಾಡಿದೆವು. ಈ ಹತ್ತು ಸಾವಿರದ ಬಗ್ಗೆ ಸಭೆ ಕೂಡುವವರೂ ಕಡಿಮೆ.

ಇದು ನಮಗೆ ದೂರದ ವಿಷಯವಲ್ಲ. ಭಾರತದಲ್ಲಿ ಈ ಅನಿಲ ನಿರ್ಬಂಧಿತ ಕೀಟನಾಶಕ, ಪರವಾನಗಿ ಇದ್ದವರು ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕು. ಆದರೆ ನಮ್ಮ 2003ರ ಸಸ್ಯ ಸಂಗರೋಧ ಆದೇಶವೇ ಹೊರಗಿನಿಂದ ಬರುವ ಬೇಳೆಕಾಳಿಗೆ ಅದನ್ನು ಹಾಕಲೇಬೇಕು ಎಂದಿತು: ಘನಮೀಟರಿಗೆ 32 ಗ್ರಾಂ, 24 ಗಂಟೆ, 21 ಡಿಗ್ರಿ ಅಥವಾ ಅದಕ್ಕೂ ಮೇಲಿನ ತಾಪದಲ್ಲಿ. ಕೆನಡಾದ ಚಳಿಯಲ್ಲಿ ಆ ತಾಪ ಎಲ್ಲಿಂದ ಬರಬೇಕು? ಹಾಗಾಗಿ ಅಲ್ಲಿಯ ಒಣ ಬಟಾಣಿಗೂ ಚನ್ನಂಗಿಗೂ ಹೊರಡುವ ಮುಂಚಿನ ಫ್ಯೂಮಿಗೇಷನ್ನಿನಿಂದ ನಮ್ಮ ಸರ್ಕಾರ ಮತ್ತೆ ಮತ್ತೆ ಸಡಿಲಿಕೆ ಕೊಡುತ್ತಾ ಬಂತು, ಇಲ್ಲಿಯ ಬಂದರಿಗೆ ಬಂದ ಮೇಲೆ ಅನಿಲ ಹಾಕಿದರಾಯಿತು ಎಂದು. ನ್ಯೂಜಿಲೆಂಡ್‌ನಿಂದ ಕಾಂಡ್ಲಾಕ್ಕೆ ಬರುವ ಪೈನ್ ದಿಮ್ಮಿಗೂ ನಾವು ಕೇಳಿದ್ದು ಇದೇ ಅನಿಲವನ್ನು. ಆ ದೇಶದ ನಿಯಂತ್ರಣ ಪ್ರಾಧಿಕಾರ 2010ರಲ್ಲಿ, ಹತ್ತು ವರ್ಷದೊಳಗೆ ಬಳಸಿದ ಅನಿಲವನ್ನು ಗಾಳಿಗೆ ಬಿಡದೆ ಹಿಡಿದಿಡುವ ವ್ಯವಸ್ಥೆ ಆಗಬೇಕೆಂದು ಕಟ್ಟು ಮಾಡಿತು. ಗಡುವು ಬಂದಾಗ ಅದನ್ನು ಮುಂದಕ್ಕೆ ಹಾಕಬೇಕಾಯಿತು. ಯುರೋಪಿನ ಒಕ್ಕೂಟ ಮಾತ್ರ 2010ರ ಮಾರ್ಚಿನಲ್ಲಿ ಕ್ವಾರಂಟೈನ್ ಬಳಕೆಯನ್ನೂ ನಿಲ್ಲಿಸಿತು. ಅಲ್ಲಿಯ ವ್ಯಾಪಾರ ಮುಳುಗಲಿಲ್ಲ.

ಒಂದು ಬಂದರಿನ ಗೋದಾಮಿನಲ್ಲಿ ಈ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೂಟೆಗಳ ಒಟ್ಟಿಲಿಗೆ ದಪ್ಪ ಟಾರ್ಪಾಲು ಹೊದಿಸಿ, ಅಂಚಿನ ಸುತ್ತ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಹಾವಿನಂತೆ ಮಲಗಿಸಿದ್ದರು. ತಲೆಬುರುಡೆಯ ಫಲಕ ನೇತುಹಾಕಿತ್ತು. ಮುಖವಾಡ ಹಾಕಿದ ಹುಡುಗನೊಬ್ಬ ಕೈಯಲ್ಲಿ ಸಣ್ಣ ದೀಪ ಹಿಡಿದು ಅಂಚಿನುದ್ದಕ್ಕೂ ನಡೆದ. ಅದರ ಜ್ವಾಲೆಗೆ ಅನಿಲ ತಾಗಿದರೆ ಹಸಿರಾಗುತ್ತದೆ. ಒಂದು ಮೂಲೆಯಲ್ಲಿ ಹಸಿರಾಯಿತು; ಓಡಿಹೋಗಿ ಇನ್ನೊಂದು ಮರಳು ಚೀಲ ತಂದಿಟ್ಟ. ಅಷ್ಟು ಜತನ. ಮಾರನೆಯ ದಿನ 24 ಗಂಟೆ ಮುಗಿದಾಗ ಎಲ್ಲರನ್ನೂ ದೂರ ನಿಲ್ಲಿಸಿ, ಗಾಳಿ ಬೀಸುವ ದಿಕ್ಕು ನೋಡಿ, ಟಾರ್ಪಾಲಿನ ಅಂಚು ಎತ್ತಿದರು. ಒಂದು ರಾತ್ರಿಯಿಡೀ ಮೂಲೆ ಮೂಲೆಯಲ್ಲಿ ಕಾವಲು ಕಾದ ಅನಿಲವೆಲ್ಲ ಸಮುದ್ರದ ಕಡೆ ಹೊರಟುಹೋಯಿತು. ಅದನ್ನು ಹೀರಿ ಹಿಡಿಯಲು ಇದ್ದಿಲು ತುಂಬಿದ ಪೆಟ್ಟಿಗೆಗಳು ಇವೆ, ಹಾಕಿ ಎನ್ನುವ ನಿಯಮ ಇರಲಿಲ್ಲ, ಅಷ್ಟೇ.

ಈ ಬಳಕೆಯನ್ನು ನಾಳೆಯೇ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಹೊರಗಿನ ಕೀಟ ಒಳಬಂದರೆ ಏನಾಗುತ್ತದೆಂದು ರೋಗಶಾಸ್ತ್ರದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಟ್ರಾಬೆರಿ ಬೆಳೆಗಾರನನ್ನು ಕೇಳಿದ ಎರಡು ಪ್ರಶ್ನೆಗಳನ್ನು ಬಂದರುಗಳನ್ನೂ ಕೇಳಿ ಎಂಬುದಷ್ಟೇ ನನ್ನ ಬೇಡಿಕೆ. ಯಾವ ಸರಕಿಗೆ, ಯಾವ ಕೀಟಕ್ಕೆ, ಎಷ್ಟು ಹಾಕಿದಿರಿ ಎಂಬ ಲೆಕ್ಕ ವರ್ಷಾವರ್ಷ ಪ್ರಕಟವಾಗಲಿ. ಬೇರೆ ಉಪಾಯ ಇರುವ ಸರಕಿಗೆ ದಿನಾಂಕ ಹಾಕಲಿ. ಉಪಾಯ ಇಲ್ಲದ ಕಡೆ ಅನಿಲವನ್ನು ಹಿಡಿದಿಡುವ ವ್ಯವಸ್ಥೆ ಕಡ್ಡಾಯವಾಗಲಿ. ಇದನ್ನು ಹೇಳಲು ನಮ್ಮ ದೇಶಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ನಮ್ಮ ಆದೇಶ ನಾವೇ ಬರೆದದ್ದು.

ಬೇರೆ ಉಪಾಯ ಇದೆಯೇ ಎಂದು ಕೇಳುವವರಿಗೆ ಮನೆಯ ಹತ್ತಿರವೇ ನೋಡಬಹುದಾದ ಒಂದು ವಸ್ತುವನ್ನು ತೋರಿಸುತ್ತೇನೆ. ಹಳೆಯ ಸಾಮಾನಿನ ಅಂಗಡಿಗಳ ಮುಂದೆ, ಹೊರದೇಶದಿಂದ ಯಂತ್ರ ಹೊತ್ತು ಬಂದ ಮರದ ಪ್ಯಾಲೆಟ್‌ಗಳನ್ನು ಒಟ್ಟಿರುತ್ತಾರೆ. ಅದರ ಬದಿಯಲ್ಲಿ ಗೋಧಿ ತೆನೆಯ ಚಿತ್ರವಿರುವ ಒಂದು ಮುದ್ರೆ ಇರುತ್ತದೆ, ಪಕ್ಕದಲ್ಲಿ ದೇಶದ ಗುರುತು, ಕೆಳಗೆ ಎರಡಕ್ಷರ. ಎಚ್‌ಟಿ ಎಂದಿದ್ದರೆ ಆ ಮರವನ್ನು ತಿರುಳಿನ ತನಕ 56 ಡಿಗ್ರಿಗೆ ಕಾಯಿಸಿ ಅರ್ಧ ಗಂಟೆ ಇಟ್ಟಿದ್ದಾರೆ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್. ಎರಡೂ ಒಂದೇ ಕೀಟವನ್ನು ಕೊಲ್ಲುತ್ತವೆ, ಎರಡಕ್ಕೂ ಎಲ್ಲ ಬಂದರುಗಳಲ್ಲೂ ಒಂದೇ ಮರ್ಯಾದೆ. ಅರಕಲಗೂಡಿನ ಮನೆಯ ಕೊಟ್ಟಿಗೆಯಲ್ಲಿ ಬಿತ್ತನೆ ಶುಂಠಿಗೆ ಥಂಡಿ ತಾಗದಂತೆ ಅಣ್ಣ ಇಂಥ ನಾಲ್ಕು ಪ್ಯಾಲೆಟ್ ತಂದು ಹಾಸಿದ್ದಾನೆ. ಹೋದ ತಿಂಗಳು ಊರಿಗೆ ಹೋದಾಗ ಬ್ಯಾಟರಿ ಬಿಟ್ಟುಕೊಂಡು ಒಂದೊಂದನ್ನೇ ಬಗ್ಗಿ ನೋಡಿದೆ. ಮೂರರ ಮೇಲೆ ಎಚ್‌ಟಿ ಇತ್ತು. ಗೋಡೆಯ ಕಡೆಯದರ ಮೇಲೆ ಎಂಬಿ.